ಬಳಗ ಕಟ್ಟುವ ಕಾರ್ಯದರ್ಶಿ

ವಿಜಯಪುರದ ಪಶುವೈದ್ಯರ ಸಂಘದ ಕಾರ್ಯದರ್ಶಿ ಶಂಕರೆಪ್ಪನವರ ಕಣ್ಣೆದುರು ಮೂವರು ಡಾಕ್ಟರರು ಒಟ್ಟಿಗೆ ನಿಂತು ಚಹಾ ಕುಡಿಯುವಂತಿಲ್ಲ. "ಆಸಕ್ತಿ ಇದ್ದವ್ರು ಕೈ ಎತ್ರಿ" ಎಂದು ಅಲ್ಲೇ ಒಂದು ಬಳಗ ಕಟ್ಟಿ, ಸಂಚಾಲಕನನ್ನು ನೇಮಿಸಿ, ವಾಟ್ಸಾಪಿಗೂ ಏರಿಸಿಬಿಡುತ್ತಾರೆ. ಎಮ್ಮೆಗೊಂದು, ನಾಯಿಗೊಂದು, ಕುದುರೆಗೊಂದು, ಕೊನೆಗೆ ಗಾಜಿನ ಪೆಟ್ಟಿಗೆಯ ಬಣ್ಣದ ಮೀನಿಗೂ ಒಂದು ಬಳಗವಾಯಿತು. ಆಡಿನ ಹೆಸರು ಬಂದಾಗ ಮಾತ್ರ ಸಭೆಯಲ್ಲಿ ಒಂದು ಕೈಯೂ ಏಳಲಿಲ್ಲ, ಶಂಕರೆಪ್ಪನವರದೂ. ಭಾನುವಾರ ತಮ್ಮೂರು ಬಿಜ್ಜರಗಿಗೆ ಹೋಗಿ ಹದಿನಾಲ್ಕು ಬಳಗಗಳ ಪ್ರತಾಪವನ್ನು ಅವ್ವನೆದುರು ಬಿಚ್ಚಿದರು. ಆಡು ಹಿಂಡುತ್ತಿದ್ದ ರಾಚವ್ವ, "ನಮ್ಮ ಆಡಿನ ಬಳಗದಾಗ ಯಾರ್ಯಾರ ಅದಾರಪಾ?" ಎಂದಳು. "ಅದಕ್ಕ ಯಾರೂ ಕೈ ಎತ್ತಲಿಲ್ಲ ಬೇ" ಎಂದರು. "ಆಡಿನ ಹಾಲು ಕುಡದು ಸಾಲಿ ಕಲ್ತಾಂವ, ನೀ ಎತ್ತಿರ್ತಿ ಬಿಡು" ಎಂದು ಅವಳು ನೊರೆಹಾಲಿನ ಬಟ್ಟಲು ಚಾಚಿದಳು. ಅದನ್ನು ತೆಗೆದುಕೊಳ್ಳಲು ಕಾರ್ಯದರ್ಶಿಗಳ ಕೈ ಏಳಲಿಲ್ಲ.