ಅಮ್ಮನ ಮೊಳ, ಮದರಾಸಿನ ಗಜ

ಮದರಾಸಿನ ಜವಳಿ ಅಂಗಡಿಗೆ ಸೇರಿದ ದಿನವೇ ಯಜಮಾನರು ನನ್ನ ಕೈ ಮೇಲೆ ಫಟ್ಟನೆ ಹೊಡೆದರು. ಮುಳಬಾಗಿಲು ಸಂತೆಯಲ್ಲಿ ಮಾಡುತ್ತಿದ್ದ ಹಾಗೆ ಮೊಣಕೈಯಿಂದ ಬೆರಳ ತುದಿಯವರೆಗೆ ಬಟ್ಟೆ ಎಳೆದು ಮೊಳ ಹಾಕುತ್ತಿದ್ದೆ, ಅಷ್ಟೇ. “ಚೆಯ್ಯಿ ತಿಯ್ಯಿ, ಗಜಂ ಪಟ್ಟು” ಎಂದರು. ಕೈ ತೆಗೆ, ಗಜದ ಕೋಲು ಹಿಡಿ ಎಂದು. ಅವರು ತೆಲುಗಿನವರು, ನಮ್ಮ ಸೀಮೆಯವನಿಗೆ ತೆಲುಗು ಬರದಿದ್ದೀತೇ? ಆ ಊರಿನಲ್ಲಿ ನನಗೆ ಅರ್ಥವಾದ ಮೊದಲ ಮಾತೇ ಬೈಗುಳ.

ಎರಡು ಮೊಳಕ್ಕೆ ಒಂದು ಗಜ. ಇಷ್ಟು ಕಲಿತರೆ ಅಂಗಡಿಯಲ್ಲಿ ಬದುಕಬಹುದು. ಇಲ್ಲಿ ಅಕ್ಕಿ ಅಳೆಯುವುದು ‘ಪಡಿ’ಯಲ್ಲಿ, ನಮ್ಮ ಸೇರಿನ ಒಂದೂವರೆಯಷ್ಟು. ಮೊದಲ ದಿನ ಊರಿನ ಅಂದಾಜಿನಲ್ಲಿ ಬೇಯಿಸಿ, ಪಕ್ಕದ ಕೋಣೆಯವರಿಗೆಲ್ಲ ಅನ್ನ ಹಂಚಿದೆ. ನಮ್ಮೂರು ದೇವರಾಯಸಮುದ್ರದಲ್ಲಿ ನಮ್ಮದು ಮೂರಂಕಣದ ಮನೆ. ಇಲ್ಲಿಯ ಕೋಣೆ ಹತ್ತಡಿಗೆ ಎಂಟಡಿ, ಅದರಲ್ಲೇ ಮೂವರು ಗಂಡಸರು. ಹೆಂಡತಿ ತೀರಿಹೋದ ಮೇಲೆ ಮಗಳು ನಾಗುವನ್ನು ಅಮ್ಮನ ಹತ್ತಿರ ಬಿಟ್ಟು ಬಂದಿದ್ದೆ. ಅವಳಿಗಾಗ ಆರು ವರ್ಷ. ಬೇರೆ ಮನೆ ಸಿಕ್ಕಿದ ಕೂಡಲೇ ಕರೆದುಕೊಂಡು ಬರುತ್ತೇನೆಂದು ಮಾತು ಕೊಟ್ಟಿದ್ದೆ.

ಒಮ್ಮೆ ಊರಿಂದ ಹೊರಡುವಾಗ ನಾಗುವಿನ ಲಂಗದ ಅಳತೆ ಕೇಳಿದೆ. ಅಮ್ಮ ಒಳಗಿನಿಂದಲೇ ಕೂಗಿದಳು: “ಸೊಂಟದಿಂದ ಪಾದಕ್ಕೆ ಒಂದು ಮೊಳ, ಒಂದು ಗೇಣು ಕಣೋ!”

ನನ್ನದು ಅಂಗಡಿಯ ಬುದ್ಧಿ. ಮೊಳಕ್ಕೆ ಹದಿನೆಂಟು ಇಂಚು, ಗೇಣಿಗೆ ಒಂಬತ್ತು ಎಂದು ಕೂಡಿಸಿ ಇಲ್ಲಿಯ ದರ್ಜಿಗೆ ಹೇಳಿದೆ. ಅಮ್ಮನ ಕೈ ಗಿಡ್ಡ ಎಂಬುದು ಹೊಳೆಯಲೇ ಇಲ್ಲ. ಯುಗಾದಿಗೆ ಒಯ್ದರೆ ಲಂಗ ನೆಲ ಗುಡಿಸುತ್ತಿತ್ತು. ನಾಗು ಎಡವಿ ಬಿದ್ದು ನಕ್ಕಳು.

“ಏನ್ಲಾ, ನಾನ್ ಹೇಳಿದ್ದು ನನ್ ಮೊಳ! ನಿಮ್ ಮದ್ರಾಸ್ ಮೊಳ ಯಾರಿಗ್ ಗೊತ್ತು?” ಎಂದು ಅಮ್ಮ ಬೈದಳು. ಆಮೇಲೆ ತಾನೇ ಕೂತು ಅಂಚಿನ ಮೇಲೆ ಎರಡು ಮಡಿಕೆ ಹಿಡಿದು ಹೊಲಿದಳು. “ಬೆಳೆಯೋ ಮಗು. ವರ್ಷಕ್ಕೊಂದು ಬಿಚ್ತೀನಿ. ಎರಡನೇದು ಬಿಚ್ಚೋದ್ರೊಳಗೆ ನೀನು ಮನೆ ನೋಡು.”

ಮರುವರ್ಷ ಅಮ್ಮ ಮೊದಲ ಮಡಿಕೆ ಬಿಚ್ಚಿದ್ದಳು. ಅಲ್ಲಿ ಬಣ್ಣ ಮಾಸದೆ ಉಳಿದಿದ್ದ ಪಟ್ಟಿಯನ್ನು ತೋರಿಸಿ ನಾಗು ಕೇಳಿದಳು: “ಅಪ್ಪಾ, ಇನ್ನೊಂದು ಬಿಚ್ಚಿದ್ರೆ ಮದ್ರಾಸಾ?”

“ಹೂಂ ಕಣೇ” ಎಂದೆ.

ಆ ಮಳೆಗಾಲದಲ್ಲಿ ಅವಳಿಗೆ ಚಳಿಜ್ವರ ಬಂತು. ತಂತಿ ತಲುಪಿ ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅಮ್ಮ ಲಂಗವನ್ನು ನನ್ನ ಕೈಗಿಟ್ಟು ಅತ್ತಳು: “ಮಗು ಉದ್ದ ಲಂಗಾನೇ ಬೇಕು ಅಂತಿತ್ತು ಕಣೋ. ಮಡಿಕೆ ಹಾಕ್ಬಾರ್ದಾಗಿತ್ತು. ನೆಲ ಗುಡಿಸ್ಕೊಂಡೇ ಓಡಾಡ್ಲಿ ಅಂತ ಬಿಡ್ಬೇಕಾಗಿತ್ತು.”

ಈಗ ಯುದ್ಧದ ಕಾಲ, ಬಾಂಬು ಬೀಳುತ್ತದೆಂದು ಹೆದರಿ ಜನ ಮದರಾಸು ಬಿಟ್ಟು ಓಡಿದ್ದಾರೆ. ಎಲ್ಲಿ ನೋಡಿದರೂ ಖಾಲಿ ಮನೆ. ನನಗೂ ಎರಡು ಕೋಣೆಯದು ಸಿಕ್ಕಿದೆ. ಅಮ್ಮ ಊರಿಗೇ ಬಂದುಬಿಡು ಅನ್ನುತ್ತಾಳೆ. ಅಲ್ಲಿ ಹೋದರೆ ಮದ್ರಾಸಿನವನು ಬಂದ ಅನ್ನುತ್ತಾರೆ, ಇಲ್ಲಿ ನಾನು ಮೈಸೂರು ಸೀಮೆಯವನು. ಚಿಕ್ಕ ಹುಡುಗಿಯರ ಲಂಗಕ್ಕೆಂದು ಯಾರಾದರೂ ಬಟ್ಟೆ ಕೇಳಿದರೆ, ಗಜದಲ್ಲಿ ಅಳೆದು ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸುತ್ತೇನೆ. ಯಜಮಾನರು ನೋಡಿದರೂ ಈಗ ಕೈ ಮೇಲೆ ಹೊಡೆಯುವುದಿಲ್ಲ.

ನಾಗುವಿನ ಲಂಗ ಈ ಮನೆಯ ಒಳಕೋಣೆಯ ಗೂಟದ ಮೇಲಿದೆ. ಎರಡನೆಯ ಮಡಿಕೆಯನ್ನು ನಾನು ಬಿಚ್ಚಿಲ್ಲ.