ಮೂರನೇ ಮಹಡಿ, ಎಡಗಡೆ ಬಾಗಿಲು

ಎಕ್ಸ್‌ರೇ ಮಾಮನ ಮನೆ ಗೋಡೆಯ ಮೇಲಿರುವ ಫೋಟೋಗಳಲ್ಲಿ ಎಲ್ಲರಿಗೂ ಮುಖ ಇದೆ. ಅವೇ ಫೋಟೋ ಅವನ ಫೋನಿಂದ ಹೊರಗೆ ಹೋಗುವಾಗ ಮಾತ್ರ ಯಾರಿಗೂ ಮುಖ ಇರುವುದಿಲ್ಲ. ಮಗಳ ಹುಟ್ಟುಹಬ್ಬದ ಫೋಟೋವನ್ನು ಕುಟುಂಬದ ಗ್ರೂಪಿಗೆ ಹಾಕುವಾಗ ಒಂದೊಂದು ತಲೆಯ ಮೇಲೂ ಹಳದಿ ಬಣ್ಣದ ನಗುಮುಖದ ಸ್ಟಿಕ್ಕರ್ ಅಂಟಿಸಿದ್ದ. ಕೇಕಿನ ಸುತ್ತ ಒಂದಷ್ಟು ನಿಂಬೆಹಣ್ಣುಗಳು ಬಟ್ಟೆ ಹಾಕಿಕೊಂಡು ನಿಂತ ಹಾಗಿತ್ತು. ಅವನ ತಾಯಿ ಆಗಲೇ ಫೋನ್ ಮಾಡಿ, "ಇದ್ರಲ್ಲಿ ನನ್ನ ಮೊಮ್ಮಗಳು ಯಾವುದೋ?" ಅಂತ ಕೇಳಿದರು.

"ಚಾಕು ಹಿಡ್ಕೊಂಡಿರೋದು, ಅಮ್ಮ."

"ಸ್ವಂತ ಅಜ್ಜಿಗೂ ಮುಖ ತೋರಿಸ್ಬಾರ್ದೇನೋ?"

"ನಿನಗೆ ತೋರ್ಸಿದ್ರೆ ನಿನ್ನ ಫೋನಿಗೆ ತೋರ್ಸಿದ ಹಾಗೆ. ನಿನ್ನ ಫೋನಿಗೆ ತೋರ್ಸಿದ್ರೆ ಇಡೀ ಜಗತ್ತಿಗೇ ತೋರ್ಸಿದ ಹಾಗೆ. ನಿನಗದೆಲ್ಲ ಅರ್ಥ ಆಗಲ್ಲ ಬಿಡು."

ಹೆಂಡತಿ ಒಂದು ಸಲ ಹೊಸ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು, ಆಸೆಪಟ್ಟು ತನ್ನದೊಂದು ಫೋಟೋ ಪ್ರೊಫೈಲಿಗೆ ಹಾಕಿದ್ದಳು. ಅವತ್ತು ಈ ಮಹಾನುಭಾವ ಊಟ ಬಿಟ್ಟು ಕೂತ. ಕಳ್ಳರು, ನಕಲಿ ಖಾತೆಗಳು, ಮುಖ ಕದ್ದು ಬೇರೆ ಮೈಗೆ ಅಂಟಿಸುವವರು, ಎಲ್ಲರ ಕಥೆಯನ್ನೂ ಹೇಳಿ ಅವಳ ತಲೆ ತಿಂದ. ಅವಳು ಫೋಟೋ ತೆಗೆದು, ಬಚ್ಚಲಿಗೆ ಹೋಗಿ, ಅಲ್ಲಿದ್ದ ನೀಲಿ ಬಕೆಟ್ಟಿನ ಫೋಟೋ ಹೊಡೆದು ಹಾಕಿದಳು. "ಇದಕ್ಕೇನೂ ಅಭ್ಯಂತರ ಇಲ್ಲ ತಾನೇ?" ಅಂದಳು. ಅವನು ಫೋಟೋವನ್ನು ದೊಡ್ಡದು ಮಾಡಿ ನೋಡಿ, ನೀರಿನಲ್ಲಿ ಯಾರ ನೆರಳೂ ಬಿದ್ದಿಲ್ಲ ಅಂತ ಖಾತ್ರಿಯಾದ ಮೇಲೆ ಒಪ್ಪಿದ. ಅಂದಿನಿಂದ ಕುಟುಂಬದ ಗ್ರೂಪಿನಲ್ಲಿ ಅವಳೆಂದರೆ ನೀಲಿ ಬಕೆಟ್ಟು.

ತನ್ನ ಕೆಲಸವೇ ಹಾಗೆ ಅನ್ನುವುದು ಅವನ ವಾದ. ಮುಖ್ಯ ರಸ್ತೆಯ ಒಂದು ಲ್ಯಾಬಿನಲ್ಲಿ ಅವನು ಎಕ್ಸ್‌ರೇ ತೆಗೆಯುತ್ತಾನೆ. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡ್ಬೇಡಿ, ಹಾಂ, ಬಿಡಿ" ಅಂತ ಬೆಳಗಿಂದ ಸಂಜೆಯವರೆಗೆ ಹೇಳಿ ಹೇಳಿ ಮನೆಯಲ್ಲಿ ಬಾಗಿಲು ತೆಗೆಯಲು ಹೇಳುವಾಗಲೂ ಅದೇ ದನಿ ಬರುತ್ತದೆ. ಜನರ ಪಕ್ಕೆಲುಬು, ಬೆನ್ನುಮೂಳೆ, ಮಕ್ಕಳು ನುಂಗಿದ ಗುಂಡಿ, ಎಲ್ಲವನ್ನೂ ಕಂಡವನು. ಒಬ್ಬರದನ್ನು ಇನ್ನೊಬ್ಬರಿಗೆ ತೋರಿಸಿದವನಲ್ಲ. ಆ ಮಾತು ನಿಜ, ಅಷ್ಟರಮಟ್ಟಿಗೆ ಅವನನ್ನು ಮೆಚ್ಚಲೇಬೇಕು.

ಆದರೆ ಎದುರಿಗೆ ಊಟದ ತಟ್ಟೆ ಬಂತೋ, ಕಥೆ ಮುಗಿಯಿತು. ಫೋನಿನ ಮ್ಯಾಪಿನಲ್ಲಿ ಹೋಟೆಲುಗಳಿಗೆ ಸ್ಟಾರ್ ಕೊಟ್ಟು, ಫೋಟೋ ಹಾಕಿ, ನಾಲ್ಕು ಸಾಲು ಬರೆಯುವ ಚಟ ಅವನಿಗೆ. ಬರೆದಷ್ಟೂ ಪಾಯಿಂಟು, ಪಾಯಿಂಟು ಸೇರಿದಷ್ಟೂ ಲೆವೆಲ್ಲು. "ಟೀ ಬಿಸಿ ಇತ್ತು, ಗ್ಲಾಸೂ ಬಿಸಿ ಇತ್ತು, ಮೂರು ಸ್ಟಾರ್." "ಸಪ್ಲೈಯರ್ ನಗಲಿಲ್ಲ, ಎರಡು ಸ್ಟಾರ್." ದೂರದ ಸಂಬಂಧಿಯೊಬ್ಬರನ್ನು ಕಳಿಸಿಕೊಡಲು ಹೋದವನು ಸ್ಮಶಾನಕ್ಕೂ ನಾಲ್ಕು ಸ್ಟಾರ್ ಕೊಟ್ಟು ಬಂದಿದ್ದ: ಪಾರ್ಕಿಂಗ್ ಧಾರಾಳವಾಗಿದೆ, ಕುಡಿಯುವ ನೀರು ಸಾಲದು. ಅಲ್ಲಿ ಅವನ ಹೆಸರು 'ಅನ್ನಪ್ರೇಮಿ'. ಸ್ವಂತ ಹೆಸರು ಹಾಕಲು ಅವನೇನು ದಡ್ಡನೇ? ಫೋಟೋದ ಜಾಗದಲ್ಲಿ ಅವನದೇ ತಲೆ ಇದೆ, ಆದರೆ ಅದರ ಮೇಲೂ ಹಳದಿ ನಗುಮುಖ.

ಈ ಚಟಕ್ಕೆ ತುಪ್ಪ ಸುರಿದವನು ಹೆಂಡತಿಯ ತಮ್ಮ. ನೀರು ಶುದ್ಧ ಮಾಡುವ ಯಂತ್ರ ಮಾರುತ್ತಾ ಊರೆಲ್ಲ ಅಲೆಯುವವನು. ಹೋದಲ್ಲೆಲ್ಲ ತಿಂದು, ತಿಂದಲ್ಲೆಲ್ಲ ಬರೆದು, ಭಾವನಿಗಿಂತ ಒಂದು ಲೆವೆಲ್ ಮೇಲೆ ಕೂತಿದ್ದ. ಅದೂ ಹೋಗಲಿ, ಲ್ಯಾಬಿನ ಅಕ್ಕಪಕ್ಕದ ಟೀ ಅಂಗಡಿ, ಬೇಕರಿ, ಜ್ಯೂಸಿನವನು, ಒಂದನ್ನೂ ಬಿಡದೆ ಮ್ಯಾಪಿಗೆ ಸೇರಿಸಿದವನೂ ಅವನೇ. ಭಾವನ ಅಂಗಳಕ್ಕೇ ಬಂದು ಬೇಲಿ ಹಾಕಿದ ಹಾಗಾಯಿತು. ಮಾಮನಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

"ಇಬ್ಬರಿಗೂ ಇದಕ್ಕೇನು ಸಂಬಳ ಕೊಡ್ತಾರಾ?" ಅಂತ ಹೆಂಡತಿ ಕೇಳಿದ್ದಳು.

"ಸಂಬಳ ಅಲ್ಲ ಕಣೆ, ಗೌರವ."

ಇನ್ನು ಮೂರನೇ ಮಹಡಿ ಅಕ್ಕನ ವಿಷಯಕ್ಕೆ ಬರೋಣ. ಲ್ಯಾಬಿನ ಹಿಂದುಗಡೆ ನೀಲಿ ಗೇಟಿನ ಒಂದು ಹಳೆಯ ಕಟ್ಟಡ. ಲಿಫ್ಟ್ ಇಲ್ಲ. ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದ ಹೆಂಗಸು ಮಧ್ಯಾಹ್ನದ ಹೊತ್ತು ಸುತ್ತಮುತ್ತ ಕೆಲಸ ಮಾಡುವ ಒಂದಷ್ಟು ಜನರಿಗೆ ಮನೆಯಲ್ಲೇ ಊಟ ಹಾಕುತ್ತಿದ್ದಳು. ಅನ್ನ, ಬೇಳೆ, ಒಂದು ತರಕಾರಿ, ಮನಸ್ಸು ಬಂದ ದಿನ ಮೊಟ್ಟೆ. ಬಾಡಿಗೆ ಕರಾರಿನಲ್ಲಿ ವ್ಯಾಪಾರ ಮಾಡಕೂಡದು ಅಂತಿತ್ತು. ಹಾಗಾಗಿ ಬೋರ್ಡಿಲ್ಲ, ಗದ್ದಲವಿಲ್ಲ. ಬಂದವರು ಚಪ್ಪಲಿ, ಬೂಟು ಬಾಗಿಲ ಹೊರಗೆ ಬಿಡುವ ಹಾಗಿಲ್ಲ. ಕೈಯಲ್ಲಿ ಹಿಡಿದು ಒಳಗೆ ತಂದು, ತಂತಮ್ಮ ಕುರ್ಚಿಯ ಕೆಳಗೆ ಇಟ್ಟುಕೊಳ್ಳಬೇಕು. ಮೆಟ್ಟಿಲಲ್ಲಿ ಮಾತಿಲ್ಲ. ಕೆಳಗಿನ ಮನೆಗಳಿಗೆ ಆಗಾಗ ಒಂದೊಂದು ಬಟ್ಟಲು ಹೋಗುತ್ತಿದ್ದರಿಂದ ಅವರು ಕಂಡೂ ಕಾಣದ ಹಾಗಿದ್ದರು.

ಲ್ಯಾಬಿನ ರಕ್ತ ತೆಗೆಯುವ ಹುಡುಗಿ ಮಾಮನನ್ನು ಮೊದಲ ಸಲ ಅಲ್ಲಿಗೆ ಕರೆದುಕೊಂಡು ಹೋದಾಗ ಅವನು ರೂಢಿಯಂತೆ ತಟ್ಟೆಯ ಮೇಲೆ ಫೋನ್ ಹಿಡಿದು, "ಯಾರೂ ಅಲ್ಲಾಡ್ಬೇಡಿ, ಉಸಿರು ಹಿಡ್ಕೊಳ್ಳಿ" ಅಂದ. ಅಕ್ಕ ಸೌಟನ್ನು ಫೋನಿಗೆ ಅಡ್ಡ ಹಿಡಿದಳು.

"ಫೋಟೋ ಒಂದು ಬೇಡ ಕಣಪ್ಪ. ಮಾತಿನ ಮೇಲೆ ನಂಬಿಕೆ ಇಟ್ಟು ಅನ್ನ ಹಾಕ್ತಿದ್ದೀನಿ. ಮನೆ ಓನರ್‌ಗೆ ಗೊತ್ತಾಯ್ತು ಅಂದ್ರೆ ಗಂಟುಮೂಟೆ ಕಟ್ಟಬೇಕು. ಆಮೇಲೆ ನನ್ನ ಮಗಳು ನರ್ಸಿಂಗ್ ಓದೋದು ಬಿಟ್ಟು ಯಾವುದಾದ್ರೂ ಅಂಗಡೀಲಿ ನಿಲ್ಲಬೇಕು, ಅಷ್ಟೇ."

"ಅಯ್ಯೋ, ನನಗೆ ಹೇಳ್ತೀರಾ ಅಕ್ಕ?" ಮಾಮ ಎದೆಯ ಮೇಲೆ ಕೈ ಇಟ್ಟುಕೊಂಡ. "ನಮ್ಮನೇಲಿ ಕೇಳಿ ನೋಡಿ. ಪ್ರೈವೆಸಿ ಅಂದ್ರೆ ನಾನು, ನಾನಂದ್ರೆ ಪ್ರೈವೆಸಿ."

ಪಾಪ, ಅಕ್ಕ ನಂಬಿದಳು. ಇನ್ನೊಂದು ಸೌಟು ಬೇಳೆಯನ್ನೂ ಹಾಕಿದಳು.

ಎಷ್ಟೋ ದಿನ ಮಾಮ ಬಾಯಿಗೆ ಬೀಗ ಹಾಕಿಕೊಂಡೇ ಇದ್ದ, ಸುಳ್ಳು ಹೇಳಬಾರದು. ಕೆಟ್ಟದ್ದು ಒಂದು ಭಾನುವಾರ. ಭಾವಮೈದುನನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವನು ಫೋನನ್ನು ಪಲ್ಯದ ಪಾತ್ರೆಗೆ ಒರಗಿಸಿಟ್ಟು, "ಭಾವ, ಇನ್ನೊಂದು ಲೆವೆಲ್ ಬಂತು. ನಿಮ್ಮದು ಅಲ್ಲೇ ನಿಂತಿದೆಯಾ ಇನ್ನೂ?" ಅಂದ. ಮಾಮ ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟ. ಅದೇ ಹೊತ್ತಿಗೆ ಅವನ ಫೋನಿಗೂ ಒಂದು ಸಂದೇಶ ಬರಬೇಕೇ? ಮ್ಯಾಪಿನಲ್ಲಿ ಇಲ್ಲದ ಜಾಗವನ್ನು ಸೇರಿಸಿ, ಹೆಚ್ಚು ಪಾಯಿಂಟ್ ಗಳಿಸಿ! ಭಾವಮೈದುನನ ಕಾಲು ತಗಲದ ಜಾಗ ಆ ಬೀದಿಯಲ್ಲಿ ಯಾವುದಿದೆ? ಒಂದೇ ಒಂದಿದೆ.

ಮಾರನೇ ದಿನ ಅಕ್ಕ ಒಳಗಿನಿಂದ ಅನ್ನ ತರಲು ಹೋದಾಗ ಅವನು ಸದ್ದಿಲ್ಲದೆ ಫೋಟೋ ಹೊಡೆದ. ತಟ್ಟೆಯ ಹಿಂದೆ ಊಟ ಮಾಡುತ್ತಿದ್ದವರೂ ಫೋಟೋದಲ್ಲಿ ಬಂದರು, ಅಡುಗೆಮನೆಯ ಬಾಗಿಲಲ್ಲಿ ಪಾತ್ರೆ ಹಿಡಿದಿದ್ದ ಅಕ್ಕನೂ ಬಂದಳು. ಸಂಜೆ ಮನೆಯಲ್ಲಿ ಕೂತು ಒಂದೊಂದೇ ಮುಖಕ್ಕೆ ಭಕ್ತಿಯಿಂದ ಸ್ಟಿಕ್ಕರ್ ಹಾಕಿದ. ಅಕ್ಕನ ಮುಖಕ್ಕೆ ಎಲ್ಲಕ್ಕಿಂತ ದೊಡ್ಡ ನಗುಮುಖ. ಹೆಂಡತಿ ಹೆಗಲ ಮೇಲಿಂದ ಇಣುಕಿದಳು.

"ಇದು ಆ ಅಕ್ಕನ ಮನೆ ಅಲ್ವಾ? ಫೋಟೋ ಬೇಡ ಅಂದಿದ್ರು ಅಂತ ನೀವೇ ಹೇಳಿದ್ರಿ?"

"ಒಂದೇ ಒಂದು ಮುಖ ಕಾಣಿಸ್ತಿದ್ರೆ ತೋರ್ಸು ನೋಡೋಣ!"

"ಮುಖ ಇಲ್ಲ. ಕೆಳಗೆ ಮ್ಯಾಪಲ್ಲಿ ವಿಳಾಸ ಕಾಣ್ತಿದೆಯಲ್ರೀ."

"ವಿಳಾಸಕ್ಕೆ ಎಲ್ಲಿಯ ಪ್ರೈವೆಸಿ? ಕಟ್ಟಡ ಬೀದೀಲಿ ನಿಂತಿದೆ, ಹೋಗೋರು ಬರೋರಿಗೆಲ್ಲ ಕಾಣುತ್ತೆ. ಅದಕ್ಕೇನು ಸ್ಟಿಕ್ಕರ್ ಹಾಕ್ಲಾ?"

ಆಮೇಲೆ ಬರೆಯಲು ಕೂತ. ಬರೆಯುವುದಾದರೆ ಜನಕ್ಕೆ ಉಪಯೋಗವಾಗುವ ಹಾಗೆ ಬರೆಯಬೇಕು ಅನ್ನುವುದು ಅವನ ಸಿದ್ಧಾಂತ. ಬರೆದದ್ದು ಹೀಗೆ: "ಐದು ಸ್ಟಾರ್. ಅಪ್ಪಟ ಮನೆ ಊಟ. ನೀಲಿ ಗೇಟು, ಲಿಫ್ಟ್ ಇಲ್ಲ, ಮೂರನೇ ಮಹಡಿ, ಎಡಗಡೆ ಬಾಗಿಲು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋಗಿ. ಮೆಟ್ಟಿಲ ಮೇಲೆ ಮಾತಾಡಬೇಡಿ. ಮನೆ ಓನರ್‌ಗೆ ಗೊತ್ತಿಲ್ಲ, ದಯವಿಟ್ಟು ಸಹಕರಿಸಿ."

ಸಹಕರಿಸಿ ಅಂತೆ! ಡಂಗುರ ಹೊಡೆದು, ಯಾರಿಗೂ ಹೇಳಬೇಡಿ ಅಂತ ಅದೇ ಡಂಗುರದಲ್ಲಿ ಸಾರಿದ ಪುಣ್ಯಾತ್ಮ.

ಜನ ಬರತೊಡಗಿದರು. ಮೊದಲು ಒಬ್ಬಿಬ್ಬರು, ಆಮೇಲೆ ಗುಂಪು ಗುಂಪು. ಅವರಿಗೆ ಕುರ್ಚಿಯ ಕೆಳಗಿನ ಕಟ್ಟಳೆ ಎಲ್ಲಿ ನೆನಪಿರುತ್ತದೆ? ಬೂಟುಗಳು ಎರಡನೇ ಮಹಡಿಯ ತನಕ ಇಳಿದು ಬಂದವು. ಕೆಳಗಿನ ಮನೆಗಳ ಬೆಲ್ ಒತ್ತಿ, "ಊಟ ಇದೆಯಾ?" ಅಂತ ಕೇಳುವವರು ಬೇರೆ. ಅಕ್ಕ ಮೊದಮೊದಲು ಬಾಗಿಲಲ್ಲೇ ನಿಂತು ವಾಪಸ್ ಕಳಿಸುತ್ತಿದ್ದಳು. ಹಸಿದು ಮೂರು ಮಹಡಿ ಹತ್ತಿ ಬಂದವರ ಮುಖ ನೋಡಿ ಮನಸ್ಸು ತಡೆಯದೆ ಕೆಲವರಿಗೆ ಬಡಿಸಿದಳು. ಯಾರು ಹೇಳಿದ್ದು ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: ಮ್ಯಾಪಿನಲ್ಲಿದೆ. ಯಾರೋ ಅನ್ನಪ್ರೇಮಿ ಹಾಕಿದ್ದಾರೆ.

ಅನ್ನಪ್ರೇಮಿ ಆಗ ಅಲ್ಲೇ, ಕಿಟಕಿ ಪಕ್ಕದ ಕುರ್ಚಿಯಲ್ಲಿ, ತಟ್ಟೆಯೊಳಗೆ ಮುಖ ಇಟ್ಟುಕೊಂಡು ಕೂತಿದ್ದ.

"ಯಾವ ಮನೆಹಾಳನ ಕೆಲಸವೋ ಇದು" ಅಂತ ಅಕ್ಕ ಅವನ ಹತ್ತಿರ ಬಂದಳು. "ನೀನು ಫೋನೆಲ್ಲ ಬಲ್ಲವನು ಕಣಪ್ಪ. ಅದನ್ನ ಹೇಗಾದ್ರೂ ತೆಗೆಸೋಕಾಗುತ್ತಾ ನೋಡು. ಓನರ್ ಕಿವಿಗೆ ಬೀಳೋದ್ರೊಳಗೆ."

"ನೋಡ್ತೀನಿ ಅಕ್ಕ" ಅಂದ ಮಾಮ.

ನೋಡಿದ ಕೂಡ. ಲ್ಯಾಬಿಗೆ ಬಂದು, ಎಕ್ಸ್‌ರೇ ಕೋಣೆಯ ಸೀಸದ ಬಾಗಿಲು ಹಾಕಿಕೊಂಡು, ಅಳಿಸುವ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟ. ಒಂದು ಸಲ ಒತ್ತಿದ್ದರೆ ಮುಗಿಯುತ್ತಿತ್ತು. ಆದರೆ ಅದರ ಕೆಳಗೇ ಕಾಣುತ್ತಿತ್ತು: ಅವನ ಯಾವ ಫೋಟೋವನ್ನೂ ಜನ ಇಷ್ಟು ನೋಡಿರಲಿಲ್ಲ, ಮುಂದಿನ ಲೆವೆಲ್ ಇನ್ನೇನು ಕೈಗೆ ಎಟಕುವ ಹಾಗಿತ್ತು. ಎರಡು ದಿನದಲ್ಲಿ ಏನಾಗಿಬಿಡುತ್ತೆ, ಲೆವೆಲ್ ಬಂದ ಮೇಲೆ ಅಳಿಸೋಣ ಅಂದುಕೊಂಡ. ಮಾರನೇ ದಿನ ಅಕ್ಕ ಕೇಳಿದಾಗ, "ಕಂಪನಿಗೆ ಬರೆದಿದ್ದೀನಿ, ಅವರು ನೋಡ್ತಿದ್ದಾರೆ" ಅಂತ ಮುಖ ತಗ್ಗಿಸಿಯೇ ಹೇಳಿದ. ಅಕ್ಕ ಅವನಿಗೆ ಮೊಟ್ಟೆ ಹಾಕಿದಳು. ನಾಚಿಕೆಗೆಟ್ಟವನು ತಿಂದ.

ಅದೇ ವಾರ ಲ್ಯಾಬಿಗೆ ಮಂಡಿ ನೋವು ಅಂತ ಒಬ್ಬರು ಹಿರಿಯರು ಬಂದರು. ಬಿಳಿ ಮೀಸೆ, ಕೈಯಲ್ಲಿ ಕೋಲು. ಅಲ್ಲಾಡಬೇಡಿ ಅಂದರೆ ನಿಜಕ್ಕೂ ಅಲ್ಲಾಡದವರು. ಮಾಮನಿಗೆ ಅಂಥ ಪೇಷಂಟ್ ಅಂದರೆ ಪ್ರೀತಿ. ಪ್ರಿಂಟ್ ಬರುವಷ್ಟರಲ್ಲಿ ಅವರು, "ಇಲ್ಲೆಲ್ಲಾದ್ರೂ ಹತ್ತಿರದಲ್ಲಿ ಖಾರ ಇಲ್ಲದ ಊಟ ಸಿಗುತ್ತೇನಪ್ಪ?" ಅಂತ ಕೇಳಿದರು. ಊಟ ಎಲ್ಲಿ ಸಿಗುತ್ತೆ ಅಂತ ಒಬ್ಬರು ಕೇಳುವುದು, ಮಾಮ ಸುಮ್ಮನಿರುವುದು, ಅದು ಈ ಜನ್ಮದಲ್ಲಿ ಆಗುವ ಮಾತಲ್ಲ.

"ಕೇಳಬೇಕಾದವರನ್ನೇ ಕೇಳಿದ್ರಿ ಸರ್. ನಿಮ್ಮ ಮಂಡಿಗೆ ಸ್ವಲ್ಪ ಕಷ್ಟ, ಮೂರು ಮಹಡಿ ಹತ್ತಬೇಕು. ಆದರೆ ಊಟ ಇದೆಯಲ್ಲ, ಅದ್ಭುತ! ನಾನೇ ಬರೆದಿದ್ದೀನಿ, ಓದಿ" ಅಂತ ಫೋನನ್ನು ಅವರ ಕೈಗೇ ಕೊಟ್ಟ.

ಅವರು ಕನ್ನಡಕ ಏರಿಸಿಕೊಂಡು ಓದಿದರು. ನೀಲಿ ಗೇಟು ಓದಿದರು. ಎಡಗಡೆ ಬಾಗಿಲು ಓದಿದರು. ಕೊನೆಯ ಸಾಲಿಗೆ ಬಂದು ನಿಂತರು. "'ಮನೆ ಓನರ್‌ಗೆ ಗೊತ್ತಿಲ್ಲ.'" ಗಟ್ಟಿಯಾಗಿ ಓದಿ, ಫೋನ್ ವಾಪಸ್ ಕೊಟ್ಟು, ಕೋಲು ತೆಗೆದುಕೊಂಡರು. "ಈಗ ಗೊತ್ತಾಯ್ತಪ್ಪ" ಅಂದರು.

ಉಸಿರು ಹಿಡ್ಕೊಳ್ಳಿ ಅಂತ ಮಾಮನಿಗೆ ಯಾರೂ ಹೇಳಬೇಕಾಗಲಿಲ್ಲ.

ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಅಂತ ಓನರ್ ಅಕ್ಕನಿಗೆ ಹೇಳಿದರಂತೆ. ಮಾಮ ಒಂದಷ್ಟು ದಿನ ಹೊಟ್ಟೆ ಸರಿಯಿಲ್ಲ ಅಂತ ಲ್ಯಾಬಿನಲ್ಲೇ ಬಿಸ್ಕತ್ತು ತಿಂದುಕೊಂಡಿದ್ದ. ಕೊನೆಗೆ ಮನಸ್ಸು ತಡೆಯದೆ ಹೋದ. ಅಭ್ಯಾಸಬಲ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಮೂರು ಮಹಡಿ ಹತ್ತಿದ. ಒಳಗೆ ಅಕ್ಕ ಪಾತ್ರೆಗಳಿಗೆ ಹಳೇ ಪೇಪರು ಸುತ್ತುತ್ತಿದ್ದಳು. ಮಗಳು ತನ್ನ ದಪ್ಪ ದಪ್ಪ ಪುಸ್ತಕಗಳನ್ನು ಹಗ್ಗ ಹಾಕಿ ಕಟ್ಟುತ್ತಿದ್ದಳು. ಅವನನ್ನು ನೋಡಿ ಎದ್ದು ಒಳಗೆ ಹೋದಳು.

"ಇನ್ಯಾಕಪ್ಪ ಕೈಯಲ್ಲಿ? ಹೊರಗೇ ಬಿಡು" ಅಂದಳು ಅಕ್ಕ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಯಾರು ಅಂತ ಓನರ್ರೇ ಹೇಳಿದ್ರು. ನನ್ನ ಮುಖಕ್ಕೆ ಅದೇನೋ ಹಾಕಿದ್ದೀಯಂತಲ್ಲ, ತೋರ್ಸು."

ಅವನು ಫೋನ್ ತೆಗೆದು ತೋರಿಸಿದ. ಅಕ್ಕ ಕೈ ಒರೆಸಿಕೊಂಡು, ಬಗ್ಗಿ, ಬಹಳ ಹೊತ್ತು ನೋಡಿದಳು.

"ಪರವಾಗಿಲ್ವೇ" ಅಂದಳು. "ನಗ್ತಿದ್ದೀನಿ."

ಮಾಮ ಇಳಿದು ಬಂದ. ಗೇಟಿನ ಹತ್ತಿರ ನಿಂತು ಅತ್ತ ಅಂತಲೂ ಹೇಳಬಹುದು, ಕಣ್ಣಂತೂ ಒದ್ದೆಯಾಗಿತ್ತು. ಅಳಿಸಿಯೇ ಬಿಡುತ್ತೇನೆ ಅಂತ ಫೋನ್ ತೆಗೆದ. ಅಲ್ಲಿ ಮ್ಯಾಪಿನ ಒಂದು ಪ್ರಶ್ನೆ ಅವನಿಗಾಗಿ ಕಾಯುತ್ತಿತ್ತು: ನೀವು ಈ ಜಾಗದ ಹತ್ತಿರ ಇದ್ದೀರಿ. ಇದು ಇನ್ನೂ ತೆರೆದಿದೆಯೇ? ಸರಿಯಾದ ಮಾಹಿತಿಗೆ ಪಾಯಿಂಟ್ ಉಂಟು. ಸುಳ್ಳು ಮಾಹಿತಿ ಕೊಡುವವನಲ್ಲ ನಮ್ಮ ಮಾಮ. 'ಶಾಶ್ವತವಾಗಿ ಮುಚ್ಚಿದೆ' ಅನ್ನುವುದನ್ನು ಒತ್ತಿದ. ಫೋನಿನ ತುಂಬ ಬಣ್ಣದ ಚೂರುಗಳು ಉದುರಿದವು. ಅಭಿನಂದನೆಗಳು! ಹೊಸ ಲೆವೆಲ್!

ಅಳಿಸುವುದು ಮರೆತೇ ಹೋಯಿತು. ಆ ಪರದೆಯ ಚಿತ್ರ ತೆಗೆದು, ಲ್ಯಾಬಿನ ಬಾಗಿಲು ಮುಟ್ಟುವುದರೊಳಗೆ ಕುಟುಂಬದ ಗ್ರೂಪಿಗೆ ಹಾಕಿದ. ಟಪಟಪ ಅಂತ ಚಪ್ಪಾಳೆಗಳು ಬಿದ್ದವು. ತಾಯಿ ಅದರಲ್ಲಿದ್ದ ಅನ್ನಪ್ರೇಮಿಯ ಹಳದಿ ಮುಖ ನೋಡಿ, "ಈ ನಗ್ತಿರೋನು ಯಾರೋ?" ಅಂತ ಕೇಳಿದರು. ಭಾವಮೈದುನ ಹೊಟ್ಟೆ ಉರಿದುಕೊಂಡಾದರೂ ಮೂರು ಚಪ್ಪಾಳೆ ಹಾಕಿದ.

ಒಂದು ವಾರ ಆ ಚಪ್ಪಾಳೆಯ ಗುಂಗಿನಲ್ಲೇ ಇದ್ದ. ಆಮೇಲೆ ಒಂದು ಮಧ್ಯಾಹ್ನ, ಅವನು ಬಿಸ್ಕತ್ತಿನ ಪೊಟ್ಟಣ ಬಿಚ್ಚುತ್ತಿರುವಾಗ, ಆ ಚಪ್ಪಾಳೆಗಳ ಕೆಳಗೆ ನೀಲಿ ಬಕೆಟ್ಟು ಬರೆಯಿತು: "ಮಗಳಿಗೆ ಬಟ್ಟೆ ತಗೊಳ್ಳೋಕೆ ಬಂದಿದ್ದೆ. ಮಾತಿಗೆ ಮಾತು ಬಂದು ಗೊತ್ತಾಯ್ತು, ಮೂರನೇ ಮಹಡಿ ಅಕ್ಕನ ಮಗಳು ಈ ಅಂಗಡೀಲೇ ಕೆಲಸಕ್ಕೆ ಸೇರಿದ್ದಾಳೆ. ಬೆಳಗಿಂದ ರಾತ್ರಿವರೆಗೆ ನಿಂತೇ ಇರಬೇಕಂತೆ, ಕೂರೋ ಹಾಗಿಲ್ವಂತೆ. ನಿಮ್ಮನ್ನ ಕೇಳಿದೆ ಅಂತ ಹೇಳಿ ಅಂದ್ಲು."

ಭಾವಮೈದುನ ಓದದೆಯೇ ಅದಕ್ಕೂ ಒಂದು ಚಪ್ಪಾಳೆ ಹಾಕಿದ.