ಏಳನೆಯ ಮಗನ ವಿಳಾಸ

ನೂಲ್ಪುಳದ ಶ್ರೀಧರನ್ ಟಪಾಲು ಹೊರುವವನು. ಬತ್ತೇರಿ ಬಸ್ಸಿನಿಂದ ಚೀಲ ಇಳಿಸಿಕೊಂಡು ಗದ್ದೆಬದು, ಕಾಡಂಚಿನ ಗಿರಿಜನರ ಹಾಡಿಗಳನ್ನೆಲ್ಲ ಸುತ್ತಿ ದಿನಕ್ಕೆ ಹತ್ತು ಮೈಲಿ ನಡೆಯುತ್ತಿದ್ದ. ಅಜ್ಜನ ಕಾಲದಲ್ಲಿ ಗುಂಡ್ಲುಪೇಟೆ ಕಡೆಯಿಂದ ಬಂದು ಗದ್ದೆ ಮಾಡಿಕೊಂಡ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮಲಯಾಳ.

1982ರ ಮಳೆಗಾಲ ಮುಗಿದ ಹೊತ್ತಿಗೆ ಅವನ ಚೀಲದಲ್ಲಿ ಅಮೆರಿಕದ ಕಾಗದವೊಂದು ಬಂತು. ‘ಪೋಸ್ಟ್‌ಮಾಸ್ಟರ್, ನೂಲ್ಪುಳ, ಮಲಬಾರ್’ ಎಂದಷ್ಟೇ ವಿಳಾಸ. ಮಲಬಾರ್ ಎಂಬುದನ್ನು ದಾರಿಯಲ್ಲಿ ಯಾರೋ ಕೆಂಪು ಶಾಯಿಯಲ್ಲಿ ಹೊಡೆದು ‘ವಯನಾಡ್ ಜಿಲ್ಲೆ’ ಎಂದು ತಿದ್ದಿದ್ದರು. ಜಿಲ್ಲೆಯಾಗಿ ಆಗ ಎರಡೇ ವರ್ಷ. ಪೋಸ್ಟ್‌ಮಾಸ್ಟರು ಒಳಗಿನ ಇಂಗ್ಲಿಷ್ ನೋಡಿ, “ಯಾರನ್ನೋ ಹುಡುಕಿಕೊಡಬೇಕಂತೆ. ಊರು ಸುತ್ತುವವನು ನೀನು, ನೀನೇ ಇಟ್ಕೋ” ಎಂದು ಅವನ ಕೈಗೇ ಕೊಟ್ಟರು.

ಶಾಲೆಯ ಶ್ಯಾಮಳ ಟೀಚರ್ ಓದಿ ಅರ್ಥ ಹೇಳಿದರು. ಬರೆದವಳು ಎಡ್ನಾ ಪಾಸ್ಕೊ ಎಂಬ ಎಪ್ಪತ್ತು ವರ್ಷದ ಹೆಂಗಸು. ಅವಳ ಅಜ್ಜ ಅಜ್ಜಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ತಾಮ್ರದ ಗಣಿಯ ಊರಲ್ಲಿ ನೆಲೆಸಿದವರು. ಹಿರಿಯರ ಜಾಡು ಹಿಡಿಯಲು ಅವಳು ಅಲ್ಲಿನ ಹಳೆಯ ಜನಗಣತಿಯ ಹಾಳೆಗಳನ್ನು ಹುಡುಕುತ್ತಿದ್ದಳು. ಆ ದೇಶದಲ್ಲಿ ಎಪ್ಪತ್ತೆರಡು ವರ್ಷ ಕಳೆದ ಮೇಲೆ ಗಣತಿಯ ಪುಸ್ತಕಗಳನ್ನು ಎಲ್ಲರಿಗೂ ತೆರೆದಿಡುತ್ತಾರಂತೆ. ಹೆಸರು, ವಯಸ್ಸು, ಹುಟ್ಟಿದ ದೇಶ ಎಲ್ಲ ಅದರಲ್ಲಿರುತ್ತದಂತೆ.

“1900ರ ಗಣತಿಯಲ್ಲಿ ಇವಳ ಅಜ್ಜಿ ಗ್ರೇಸ್‌ನ ಕೇಳಿದಾರೆ, ಹೆತ್ತ ಮಕ್ಕಳು ಎಷ್ಟು, ಬದುಕಿರೋರು ಎಷ್ಟು ಅಂತ. ಏಳು ಹೆತ್ತೆ, ಏಳೂ ಇದಾವೆ ಅಂತ ಬರೆಸಿದಾಳೆ. 1910ರಲ್ಲೂ ಅದೇ. ಆದ್ರೆ ಅಮೆರಿಕದಲ್ಲಿ ಇದ್ದದ್ದು ಆರೇ ಮಂದಿ.”

“ಇನ್ನೊಬ್ಬ?”

“ಸ್ಯಾಮ್ಯುಯೆಲ್ ಪಾಸ್ಕೊ. ಚಿನ್ನದ ಗಣಿ ಕೆಲಸಕ್ಕೆ ಈ ಕಡೆ ಬಂದವನು. ಕೊನೆಯ ಕಾಗದ 1883ರದ್ದು, ಅದರ ಮೇಲೆ ನೂಲ್ಪುಳ ಅಂತ ಇತ್ತಂತೆ. ಆಮೇಲೆ ಸುದ್ದಿಯಿಲ್ಲ. ಅವನು ಯಾವಾಗ ಸತ್ತ, ಗೋರಿ ಎಲ್ಲಿದೆ ಅಂತ ಕೇಳ್ತಿದಾಳೆ.”

ಟೀಚರ್ ಕಾಗದ ಮಡಚುತ್ತ ಶ್ರೀಧರನ್ ಮುಖ ನೋಡಲಿಲ್ಲ. ಹಿಂದಿನ ವರ್ಷ ಇದೇ ಟೀಚರ್ ನಮ್ಮ ದೇಶದ ಗಣತಿಗೆಂದು ಅವನ ಮನೆಗೆ ಬಂದಿದ್ದರು. ಅವನ ತಾಯಿ ಕುಞ್ಞಮ್ಮನಿಗೂ ಇದೇ ಪ್ರಶ್ನೆ ಹಾಕಿದ್ದರು. “ಮೂರು. ಮೂರೂ ಇದಾವೆ” ಎಂದಿದ್ದಳು ಮುದುಕಿ. ಹಿರಿಯ ಮಗ ಮೋಹನನ್ ಅಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟು ಹನ್ನೆರಡು ವರ್ಷವಾಗಿತ್ತು, ಒಂದು ಕಾರ್ಡೂ ಬಂದಿರಲಿಲ್ಲ. ಟೀಚರ್ ಹೊರಟಾಗ ಶ್ರೀಧರನ್ ಬೇಲಿಯವರೆಗೂ ಹೋಗಿ ಮೆಲ್ಲಗೆ ಹೇಳಿದ್ದ, “ಇರೋದು ಎರಡು ಅಂತ ಬರೀರಿ ಟೀಚರೇ.” ಟೀಚರ್ ಬರೆದದ್ದು ಮೂರು ಎಂದೇ.

ಆ ಕಾಗದ ಜೇಬು ಸೇರಿದ ದಿನದಿಂದ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಟಪಾಲು ಕೊಟ್ಟ ಮನೆಯಲ್ಲೆಲ್ಲ ಬಿಳಿಯರ ಗೋರಿ ಎಲ್ಲಾದರೂ ಇದೆಯೇ ಎಂದು ಕೇಳಿದ. ಭಾನುವಾರ ಬಸ್ಸು ಹತ್ತಿ ಪಂದಲೂರಿನ ಕಡೆಗೆ ಹೋದ. ಅಲ್ಲಿನ ಹಳೆಯ ಚಿನ್ನದ ಗಣಿಯ ಬಾಯಿಗಳನ್ನು ಬಗ್ಗಿ ನೋಡಿದ. ಚೌಕಾಕಾರದ ಗುಂಡಿಗಳು, ಒಳಗೆ ಬಾವಲಿಗಳ ನಾತ. ಗೋರಿಗಲ್ಲುಗಳ ಪಾಚಿ ಕೆರೆದು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದ. ಪಾಸ್ಕೊ ಎಂಬ ಹೆಸರು ಎಲ್ಲೂ ಇರಲಿಲ್ಲ. “ಸತ್ತವನನ್ನು ಹುಡುಕೋಕೆ ಇಷ್ಟು ಚಪ್ಪಲಿ ಸವೆಸ್ತೀಯ” ಎಂದಳು ಅವ್ವ. ಆ ಮಾತು ಅವನನ್ನು ಇರಿಯಿತು.

ಬೇಸಿಗೆಯಲ್ಲಿ ಒಂದು ದಿನ ಕಾಡಿನೊಳಗಿನ ಹಾಡಿಗೆ ಕಾಗದ ಕೊಡಲು ಹೋದವನು ಬಾಯಾರಿ ಬಾವಿಯ ಹತ್ತಿರ ನಿಂತ. ಎಷ್ಟೋ ಸಲ ನೀರು ಕುಡಿದಿದ್ದ ಬಾವಿಯೇ. ಅಂದು ಮಾತ್ರ ಕೊಡ ಎತ್ತುವಾಗ ಅವನ ಕೈ ನಿಂತಿತು. ಊರಿನ ಬಾವಿಗಳೆಲ್ಲ ದುಂಡಗಿರುವಾಗ ಇದು ಚೌಕ. ಪಂದಲೂರಿನ ಗುಂಡಿಗಳ ಅಳತೆಯೇ.

“ಈ ಬಾವಿ ತೋಡಿದ್ದು ಯಾರು?” ಎಂದು ಕೇಳಿದ.

ಬಿದಿರು ಸೀಳುತ್ತ ಕೂತಿದ್ದ ಅಮ್ಮಾಳು ತಲೆಯೆತ್ತಿದಳು. ಹಾಡಿಯಲ್ಲಿ ಎಲ್ಲರಿಗಿಂತ ಹಿರಿಯಳು. ಅವಳ ಕಾಡುಮಾತಿಗೂ ಅವನ ಮನೆಮಾತಿಗೂ ಹೆಚ್ಚು ದೂರವಿರಲಿಲ್ಲ.

“ಸಾಮಿ ತೋಡಿದ್ದು. ಬಿಳಿ ಸಾಮಿ. ನಾನು ಚಿಕ್ಕವಳಿದ್ದಾಗ ಅವನಿಗೆ ಗಡ್ಡವೆಲ್ಲ ನೆರೆತಿತ್ತು.”

“ಗಣಿಯವನಾ?”

“ಗಣಿ ಮುಚ್ಚಿತಂತೆ, ಉಳಿದವರು ಹೋದರಂತೆ. ಇವನು ಜ್ವರ ಬಂದು ಬಿದ್ದಿದ್ದ, ನಮ್ಮವರು ಹೊತ್ತು ತಂದರು. ಆಮೇಲೆ ಹೋಗಲೇ ಇಲ್ಲ ಮಗಾ. ನಮ್ಮ ಜೊತೆ ಜೇನಿಗೆ ಬರ್ತಿದ್ದ, ಮರ ಹತ್ತೋಕೆ ಮಾತ್ರ ಹೆದರ್ತಿದ್ದ.” ಅವಳು ಒಸಡು ತೋರಿಸಿ ನಕ್ಕಳು. “ಒಂದು ವರ್ಷ ದೊಡ್ಡ ಜ್ವರ ಬಂದು ಅರ್ಧ ಹಾಡಿ ಹೋಯ್ತಲ್ಲ, ಆಗ ಅವನೂ ಹೋದ. ನಮ್ಮವರನ್ನ ಮಣ್ಣು ಮಾಡಿದ ಕಡೆಯೇ ಅವನನ್ನೂ ಮಾಡಿದರು. ಕಲ್ಲು ಗಿಲ್ಲು ಇಲ್ಲ.”

ಶ್ರೀಧರನ್ ಹಗ್ಗ ಹಿಡಿದು ಬಾವಿಗಿಳಿದ. ನೀರಿಗೆ ಒಂದು ಮೊಳ ಮೇಲೆ, ಕೆತ್ತಿ ಕೂರಿಸಿದ ಕಲ್ಲಿನಲ್ಲಿ ಎರಡು ಇಂಗ್ಲಿಷ್ ಅಕ್ಷರಗಳು ಬೆರಳಿಗೆ ಸಿಕ್ಕವು. ಎಸ್, ಪಿ. ಕೆಳಗೆ 1911.

ಅವತ್ತು ಉಳಿದ ಟಪಾಲು ಹಂಚದೆ ನೇರ ಶಾಲೆಗೆ ಓಡಿದ. ಟೀಚರ್ ಎಡ್ನಾಳ ಕಾಗದ ಮತ್ತೆ ಬಿಚ್ಚಿ ನೋಡಿದರು. ಗ್ರೇಸ್ ಸತ್ತದ್ದು 1912ರಲ್ಲಿ. ಮಗ ಬಾವಿ ತೋಡಿದ್ದು 1911ರಲ್ಲಿ. ಅಂದರೆ ಎರಡು ಗಣತಿಯಲ್ಲೂ ಆ ತಾಯಿ ಬರೆಸಿದ್ದು ನಿಜವೇ. ಮಗ ಬದುಕಿದ್ದ.

“ಅವಳಿಗೆ ಹೇಗೆ ಗೊತ್ತಾಯ್ತು ಟೀಚರೇ?”

“ಗೊತ್ತಿರಲಿಲ್ಲ ಶ್ರೀಧರಾ,” ಎಂದರು ಟೀಚರ್.

ಇಬ್ಬರೂ ಕೂತು ಉತ್ತರ ಬರೆದರು. ಎರಡು ತಿಂಗಳಿಗೆ ಎಡ್ನಾಳ ಮರುಕಾಗದ ಬಂತು. ಅಜ್ಜಿಗೆ ಮಗನ ದುಃಖದಲ್ಲಿ ಬುದ್ಧಿ ಸ್ಥಿಮಿತವಿಲ್ಲವೆಂದು ಮನೆಯವರೆಲ್ಲ ನಂಬಿದ್ದೆವು, ಈಗ ಯಾರ ಹತ್ತಿರ ಕ್ಷಮೆ ಕೇಳಲಿ ಎಂದು ಬರೆದಿದ್ದಳು. ಆ ಸಾಲು ಓದಿಸಿಕೊಂಡ ಮೇಲೆ ಶ್ರೀಧರನ್ ಮನೆಗೆ ಹೋಗಿ, ಅಂಗಳದಲ್ಲಿ ಭತ್ತ ಹರವುತ್ತಿದ್ದ ಅವ್ವನ ಎದುರು ನಿಂತ. ಬೇಲಿಯ ಹತ್ತಿರ ಟೀಚರಿಗೆ ತಾನು ಹೇಳಿದ್ದನ್ನು ಬಾಯಿಬಿಟ್ಟ.

“ನಂಗೆ ಆವತ್ತೇ ಕೇಳಿಸ್ತು,” ಎಂದಳು ಕುಞ್ಞಮ್ಮ, ಕೈ ನಿಲ್ಲಿಸದೆ.

ಮಾರನೆಯ ವಾರವೇ ಅವನು ಅಣ್ಣನನ್ನು ಹುಡುಕಿಕೊಂಡು ಗಡಿ ದಾಟಿದ. ಮನೆ ಬಿಟ್ಟ ದಿನ ಮೋಹನನ್ ಹತ್ತಿದ್ದು ಗುಂಡ್ಲುಪೇಟೆಯ ಬಸ್ಸು. ನಮ್ಮ ದೇಶದ ಗಣತಿಯ ಕಾಗದ ಯಾರಿಗೂ ತೋರಿಸುವುದಿಲ್ಲ. ಮತದಾರರ ಪಟ್ಟಿಯಾದರೆ ತೋರಿಸುತ್ತಾರೆ. ರಜೆ ಸಿಕ್ಕಿದಾಗಲೆಲ್ಲ ಗುಂಡ್ಲುಪೇಟೆ, ಎಚ್.ಡಿ. ಕೋಟೆ, ಹುಣಸೂರು ತಾಲೂಕು ಕಚೇರಿಗಳಲ್ಲಿ ನಿಂತು ಬೆರಳೋಡಿಸಿದ. ಅಪ್ಪನ ಹೆಸರೂ ಹೊಂದುವ ಮೋಹನನ್ನರನ್ನು ಹುಡುಕಿ ಹೋಗಿ, ನಾಲ್ವರ ಬಾಗಿಲು ತಟ್ಟಿ, ಬೇರೆ ಯಾರನ್ನೋ ಕಂಡು ವಾಪಸಾದ. ಎರಡು ವರ್ಷ ಹೀಗೇ ಕಳೆಯಿತು. ಐದನೆಯವನು ಹುಣಸೂರಿನ ಹತ್ತಿರ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗೆ ಸೌದೆ ಒಟ್ಟುತ್ತಿದ್ದ. ತಿರುಗಿ ನೋಡಿದ. ಹುಬ್ಬು ಅಪ್ಪನದೇ.

“ಅಣ್ಣಾ.”

ಮೋಹನನ್ ಕೈಯ ಮಸಿಯನ್ನು ಪಂಚೆಗೆ ಒರೆಸಿಕೊಂಡ. ಆಮೇಲೆ ಕೇಳಿದ, “ಅಪ್ಪ?”

“ಹೋಗಿ ಆರು ವರ್ಷವಾಯ್ತು.”

“ಹಾಗಾದ್ರೆ ಬರಬಹುದು,” ಎಂದ ಮೋಹನನ್.

ಬಂದವನು ಎರಡು ದಿನವಿದ್ದು ಹೊರಟ. ಅಲ್ಲಿ ಹೆಂಡತಿ, ಮಕ್ಕಳು, ಬೆಂಕಿ ಹಾಕಿಟ್ಟ ಬ್ಯಾರನ್ ಇದ್ದವು. ಕುಞ್ಞಮ್ಮ ತಡೆಯಲಿಲ್ಲ, ಸೊಸೆಗೆ ಕೊಡಲು ಒಣಮೀನು ಕಟ್ಟಿದಳು. ನಿಲ್ಲಲಾಗದೆ ಒದ್ದಾಡಿದವನು ಶ್ರೀಧರನ್. ಅಣ್ಣನ ಜೊತೆಯೇ ಬಸ್ಸು ಹತ್ತಿ ಮುತ್ತಂಗದ ಚೆಕ್‌ಪೋಸ್ಟಿನವರೆಗೂ ಹೋದ. ಇಳಿದ ಮೇಲೆ ಕಿಟಕಿಯ ಹೊರಗಿನಿಂದ ಮೂರು ಸಲ ಕೇಳಿದ, ಮನೆ ನಂಬರು ಎಷ್ಟು, ಬೀದಿ ಯಾವುದು, ಪೋಸ್ಟು ಯಾವುದು ಎಂದು. ಮೋಹನನ್ ಮೂರು ಸಲವೂ ಹೇಳಿದ. ಬಸ್ಸು ಕಾಡಿನೊಳಗೆ ಮರೆಯಾದ ಮೇಲೂ ಶ್ರೀಧರನ್ ಅದನ್ನೇ ಬಾಯಿಪಾಠ ಮಾಡುತ್ತ ರಸ್ತೆಯಲ್ಲಿ ಅತ್ತಿತ್ತ ಅಡ್ಡಾಡಿದ.